ಡಿಸ್ಕ್ ಗಾಲ್ಫ್ ಡ್ರೈವರ್‌ಗಳು: ಪ್ಲಾಸ್ಟಿಕ್ ಮತ್ತು ಹಾರಾಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತಟ್ಟೆಯಂಥ ಪ್ಲಾಸ್ಟಿಕ್ ಡಿಸ್ಕನ್ನು ಎಸೆದು, ಆದಷ್ಟು ಕಡಿಮೆ ಎಸೆತದಲ್ಲಿ ಗುರಿ ಮುಟ್ಟಿಸುವ ಆಟ ಡಿಸ್ಕ್ ಗಾಲ್ಫ್. ಅದರಲ್ಲಿ ದೂರಕ್ಕೆ ಎಸೆಯುವ ಡಿಸ್ಕೇ ಡ್ರೈವರ್. ತುಮಕೂರಿನ ಸುತ್ತಮುತ್ತ ಇದನ್ನು ಆಡೋಕೆ ಜಾಗಕ್ಕೇನೂ ಬರವಿಲ್ಲ. ಊರಾಚೆಯ ಹುಣಸೆ ತೋಪು, ನೀರು ಬತ್ತಿದ ಕೆರೆ ಅಂಗಳ, ರಾಗಿ ಕೊಯ್ದ ಹೊಲ, ಯಾವುದಾದರೂ ಸಾಕು. ಕಬ್ಬಿಣದ ಬುಟ್ಟಿ ಇಲ್ಲದ ಕಡೆ ಮರದ ಕಾಂಡಕ್ಕೆ ಸುಣ್ಣದ ಪಟ್ಟೆ ಬಳಿದರೆ ಅದೇ ಗುರಿ. ತೊಂದರೆ ಇರುವುದು ಡಿಸ್ಕ್ ಕೊಳ್ಳುವಾಗ. ಕೈಯಲ್ಲಿ ಹಿಡಿದು, ಬಗ್ಗಿಸಿ ನೋಡಿ ತಗೊಳ್ಳೋಕೆ ಹತ್ತಿರದಲ್ಲಿ ಅಂಗಡಿ ಇಲ್ಲ. ಫೋಟೋ ನೋಡಿ ತರಿಸಬೇಕು. ಅದಕ್ಕೇ ತೋಪಿನಲ್ಲಿ ಸಿಕ್ಕವರು, ಫೋನ್ ಮಾಡುವವರು, ಕೋಲಾರ, ಚಿಂತಾಮಣಿ ಕಡೆಯಿಂದ ಬರೆದು ಕೇಳುವವರು ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಡಿಸ್ಕಿನ ಹೆಸರು ನೋಡಿ ದುಡ್ಡು ಕೊಡುವವರೇ ಜಾಸ್ತಿ. ಅದೇ ಹೆಸರಿನ ಡಿಸ್ಕು ಯಾವ ಪ್ಲಾಸ್ಟಿಕ್ಕಿನದು ಅನ್ನುವುದನ್ನೂ ನೋಡಿ ಅನ್ನುವುದು ನನ್ನ ಒತ್ತಾಯ.

## ಈಗ ತಾನೇ ಶುರು ಮಾಡಿದವರಿಗೆ

ಮನೇಲಿರೋ ಫ್ರಿಸ್ಬೀನೇ ಎಸೆದ್ರೆ ಆಗಲ್ವಾ? ಡ್ರೈವರ್ ಅಂತ ಬೇರೆ ಯಾಕೆ?

ಆಗುತ್ತೆ, ಆದರೆ ದೂರ ಹೋಗಲ್ಲ. ಬೆಂಗಳೂರಿನಲ್ಲಿ ಅಲ್ಟಿಮೇಟ್ (ತಂಡ ಕಟ್ಟಿಕೊಂಡು ಫ್ರಿಸ್ಬೀ ಎಸೆದು ಹಿಡಿಯುವ ಆಟ) ಆಡುವವರ ಕೈಯಲ್ಲಿ ನೋಡಿರುತ್ತೀರಿ, ಆ ಡಿಸ್ಕ್ 175 ಗ್ರಾಂ ತೂಗುತ್ತದೆ, ಅಡ್ಡಗಲ ಸುಮಾರು 27 ಸೆಂ.ಮೀ. ಅದರ ಅಂಚು ದುಂಡಗಿರುತ್ತದೆ. ಡ್ರೈವರ್ ಕೂಡ ಅಷ್ಟೇ ತೂಗಬಹುದು, ಆದರೆ ಅಗಲ 21 ಸೆಂ.ಮೀ. ಆಸುಪಾಸು ಮಾತ್ರ. ತೂಕದ ಬಹುಪಾಲು ಅಂಚಿನಲ್ಲಿ ಸೇರಿರುತ್ತದೆ, ಆ ಅಂಚು ಇಳಿಜಾರಾಗಿ ಚೂಪಾಗಿರುತ್ತದೆ. ಗಾಳಿಯನ್ನು ಸೀಳುವುದು ಅದೇ. ಇಂಥ ಇಳಿಜಾರು ಅಂಚಿನ ಡಿಸ್ಕನ್ನು 1983ರಲ್ಲಿ ಅಮೆರಿಕದ ಇನ್ನೋವಾ ಕಂಪನಿ ತಂದಿತು. ಇವತ್ತಿನ ಎಲ್ಲ ಡ್ರೈವರ್‌ಗಳೂ ಅದರ ದಾರಿಯಲ್ಲೇ ಬಂದವು.

ಒಂದು ಮಾತು: ಇದನ್ನು ಎದುರಿಗೆ ನಿಂತವರು ಹಿಡಿಯುವ ಆಟಕ್ಕೆ ಬಳಸಬೇಡಿ. ಆ ಚೂಪು ಅಂಚು ಬೆರಳಿಗೆ, ಮುಖಕ್ಕೆ ಬಡಿದರೆ ಜೋರು ಪೆಟ್ಟಾಗುತ್ತದೆ. ಕೆರೆ ಅಂಗಳದಲ್ಲಿ ದನ ಮೇಯುತ್ತಿದ್ದರೆ, ಮಕ್ಕಳು ಕ್ರಿಕೆಟ್ ಆಡುತ್ತಿದ್ದರೆ ಕಾದು ಎಸೆಯಿರಿ.

ಡಿಸ್ಕ್ ಮೇಲೆ 12, 5, -1, 3 ಅಂತ ಬರೆದಿದೆ. ಏನು ಲೆಕ್ಕ ಇದು?

ಇವು ಕ್ರಮವಾಗಿ ಸ್ಪೀಡ್, ಗ್ಲೈಡ್, ಟರ್ನ್, ಫೇಡ್. ನೀವು ಕೇಳಿರುವುದು ಇನ್ನೋವಾದ ಡಿಸ್ಟ್ರಾಯರ್ ಡಿಸ್ಕಿನ ನಂಬರ್.

ಸ್ಪೀಡ್ ಅಂದರೆ ಡಿಸ್ಕ್ ಎಷ್ಟು ಜೋರಾಗಿ ಹೋಗುತ್ತೆ ಅಂತ ಓದಿಕೊಳ್ಳುವವರೇ ಜಾಸ್ತಿ. ನೀವು ಎಷ್ಟು ಜೋರಾಗಿ ಎಸೆದರೆ ಅದು ಬರೆದ ಹಾಗೆ ಹಾರುತ್ತೆ ಅಂತ ಓದಿಕೊಳ್ಳಿ. ಗ್ಲೈಡ್ ಅಂದರೆ ಗಾಳಿಯಲ್ಲಿ ತೇಲುವ ಗುಣ, 1ರಿಂದ 7ರವರೆಗೆ. ಟರ್ನ್ ಅಂದರೆ ಕೈಬಿಟ್ಟ ಮೇಲೆ, ವೇಗ ಇನ್ನೂ ಜೋರಾಗಿರುವಾಗ ಡಿಸ್ಕ್ ವಾಲುವ ಗುಣ. ಬಲಗೈಯವರು ಬ್ಯಾಕ್‌ಹ್ಯಾಂಡ್ (ಕೈಯನ್ನು ಎದೆಗೆ ಅಡ್ಡ ತಂದು ಹೊರಕ್ಕೆ ಬೀಸಿ) ಎಸೆದರೆ ಅದು ಬಲಕ್ಕೆ ವಾಲುತ್ತದೆ. ಈ ನಂಬರ್ +1ರಿಂದ -5ರವರೆಗೆ ಇರುತ್ತದೆ. ಮೈನಸ್ ಜಾಸ್ತಿ ಆದಷ್ಟೂ ಬಲಕ್ಕೆ ಜಾಸ್ತಿ. ಫೇಡ್ ಅಂದರೆ ಕೊನೆಯಲ್ಲಿ ವೇಗ ತಗ್ಗಿದಾಗ ಎಡಕ್ಕೆ ಬೀಳುವ ಗುಣ, 0ಯಿಂದ 5ರವರೆಗೆ.

ಬುಗುರಿ ನೋಡಿದವರಿಗೆ ಇದು ಬೇಗ ತಲೆಗೆ ಹತ್ತುತ್ತದೆ. ಜೋರಾಗಿ ತಿರುಗುವ ಬುಗುರಿಯನ್ನು ಒಂದು ಕಡೆಯಿಂದ ತಳ್ಳಿದರೆ ಅದು ನೀವು ತಳ್ಳಿದ ದಿಕ್ಕಿಗೆ ಬೀಳದೆ ಪಕ್ಕಕ್ಕೆ ವಾಲುತ್ತದೆ. ಡಿಸ್ಕೂ ಹಾಗೇ. ವೇಗ ಜಾಸ್ತಿ ಇದ್ದಾಗ ಗಾಳಿ ಅದರ ಮೂತಿಯನ್ನು ಕೆಳಕ್ಕೆ ಒತ್ತಲು ನೋಡುತ್ತದೆ, ಡಿಸ್ಕ್ ಬಲಕ್ಕೆ ವಾಲುತ್ತದೆ. ವೇಗ ತಗ್ಗಿದಾಗ ಮೂತಿಯನ್ನು ಮೇಲಕ್ಕೆತ್ತಲು ನೋಡುತ್ತದೆ, ಎಡಕ್ಕೆ ವಾಲುತ್ತದೆ. ಟರ್ನ್, ಫೇಡ್ ಎರಡೂ ಇದರಿಂದಲೇ ಹುಟ್ಟುವುದು.

ಬಲಕ್ಕೆ ಸುಲಭವಾಗಿ ವಾಲುವ ಡಿಸ್ಕನ್ನು ಅಂಡರ್‌ಸ್ಟೇಬಲ್ ಅನ್ನುತ್ತಾರೆ, ಬಲಕ್ಕೆ ವಾಲದೆ ಎಡಕ್ಕೇ ಎಳೆಯುವುದನ್ನು ಓವರ್‌ಸ್ಟೇಬಲ್. ಕೆಳಗಿನ ಉತ್ತರಗಳಲ್ಲಿ ಈ ಎರಡು ಮಾತು ಪದೇ ಪದೇ ಬರುತ್ತವೆ.

ನಾನು ಎಡಗೈ. ನನಗೆ ಎಲ್ಲ ಉಲ್ಟಾನಾ?

ಹೌದು, ದಿಕ್ಕು ಮಾತ್ರ ಉಲ್ಟಾ. ಟರ್ನ್ ಎಡಕ್ಕೆ, ಫೇಡ್ ಬಲಕ್ಕೆ. ನಂಬರ್ ಅದೇ, ಡಿಸ್ಕೂ ಅದೇ. ಬಲಗೈಯವರು ಫೋರ್‌ಹ್ಯಾಂಡ್ (ಅಂಗೈ ಮುಂದಾಗಿ, ದೇಹದ ಬಲಗಡೆಯಿಂದ) ಎಸೆದರೂ ನಿಮ್ಮ ಹಾಗೇ ಹಾರುತ್ತದೆ. ಇಲ್ಲಿರುವ ಉತ್ತರಗಳೆಲ್ಲ ಬಲಗೈ ಬ್ಯಾಕ್‌ಹ್ಯಾಂಡ್ ಲೆಕ್ಕದಲ್ಲಿವೆ.

ಮೊದಲ ಡ್ರೈವರ್ ಯಾವುದು ತಗೊಳ್ಳಲಿ? ನಮ್ಮಣ್ಣ ಡಿಸ್ಟ್ರಾಯರೇ ತಗೋ ಅಂತಾನೆ.

ಅಣ್ಣನ ಮಾತು ಸದ್ಯಕ್ಕೆ ಬೇಡ. ಡಿಸ್ಟ್ರಾಯರ್ ಒಳ್ಳೆಯ ಡಿಸ್ಕೇ. ದೊಡ್ಡ ದೊಡ್ಡ ಆಟಗಾರರು ಅದನ್ನೇ ಎಸೆಯುತ್ತಾರೆ. ಆದರೆ ಅದಕ್ಕೆ ಬೇಕಾದ ವೇಗ ಹೊಸಬರ ಕೈಯಲ್ಲಿ ಇರಲ್ಲ. ವೇಗ ಸಾಲದಿದ್ದರೆ ಟರ್ನ್ ಕಾಣಿಸುವುದೇ ಇಲ್ಲ, ಬರೀ ಫೇಡ್ ಸಿಗುತ್ತದೆ. ಕೈಬಿಟ್ಟ ಡಿಸ್ಕ್ ಸ್ವಲ್ಪ ದೂರ ಹೋಗಿ ಎಡಕ್ಕೆ ಧೊಪ್ಪನೆ ಬೀಳುತ್ತದೆ. ಎಸೆದವರಿಗೆ ತಮ್ಮ ಕೈಯೇ ಸರಿಯಿಲ್ಲ ಅನಿಸುತ್ತದೆ, ಆಮೇಲೆ ಆಟವೇ ಬೇಜಾರಾಗುತ್ತದೆ. ಇಂಥವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಸ್ಪೀಡ್ 6ರಿಂದ 8ರೊಳಗಿನ ಫೇರ್‌ವೇ ಡ್ರೈವರ್ (ಕಡಿಮೆ ವೇಗದಲ್ಲೂ ಬರೆದ ಹಾಗೆ ಹಾರುವ ಡ್ರೈವರ್) ತಗೊಳ್ಳಿ. ಇನ್ನೋವಾದ ಲೆಪರ್ಡ್ (6, 5, -2, 1) ನನ್ನ ಮೊದಲ ಆಯ್ಕೆ. ಲ್ಯಾಟಿಟ್ಯೂಡ್ 64 ಕಂಪನಿಯ ರಿವರ್ (7, 7, -1, 1) ತೇಲುವುದರಲ್ಲಿ ಎತ್ತಿದ ಕೈ. ಅದೇ ಕಂಪನಿಯ ಡೈಮಂಡ್ (8, 6, -3, 1) ಕಡಿಮೆ ತೂಕದಲ್ಲೇ ಬರುತ್ತದೆ, ಮಕ್ಕಳಿಗೂ ಆರಾಮ. ಫೇರ್‌ವೇ ಡ್ರೈವರ್‌ನಲ್ಲಿ 90 ಮೀಟರ್ ಆರಾಮಾಗಿ ದಾಟುವ ತನಕ ಸ್ಪೀಡ್ 11, 12ರ ಕಡೆ ನೋಡುವುದೇ ಬೇಡ.

ಎಷ್ಟು ಗ್ರಾಂನದು ತರಿಸಲಿ?

150ರಿಂದ 165 ಗ್ರಾಂ ಒಳಗೆ. ಹಗುರ ಇದ್ದರೆ ಕೈಗೆ ವೇಗ ಬೇಗ ಸಿಗುತ್ತದೆ, ಸಲೀಸಾಗಿ ಟರ್ನ್ ಆಗುತ್ತದೆ. ಭಾರ ಇದ್ದರೆ ಗಾಳಿಗೆ ಜಾಸ್ತಿ ಅಲುಗಾಡಲ್ಲ. ಆಟದ ನಿಯಮ ನೋಡಿಕೊಳ್ಳುವ ಪಿಡಿಜಿಎ ಸಂಸ್ಥೆಯ ಪ್ರಕಾರ ಡಿಸ್ಕಿನ ಅಡ್ಡಗಲದ ಪ್ರತಿ ಸೆಂ.ಮೀ.ಗೆ 8.3 ಗ್ರಾಂ ಮೀರಬಾರದು. 21.1 ಸೆಂ.ಮೀ. ಅಗಲದ ಡ್ರೈವರ್‌ಗೆ ಅದು 175.1 ಗ್ರಾಂ ಆಗುತ್ತದೆ. ಬಹುತೇಕ ಡ್ರೈವರ್‌ಗಳು 175 ಗ್ರಾಂಗೆ ನಿಲ್ಲುವುದು ಇದರಿಂದಲೇ.

## ಪ್ಲಾಸ್ಟಿಕ್ ವಿಚಾರ

ಡಿಎಕ್ಸ್, ಪ್ರೊ, ಚಾಂಪಿಯನ್, ಸ್ಟಾರ್... ಇವೆಲ್ಲ ಬರೀ ಹೆಸರಾ, ನಿಜವಾಗ್ಲೂ ಬೇರೆ ಬೇರೆನಾ?

ನಿಜವಾಗಲೂ ಬೇರೆ. ಕೈಯಲ್ಲಿ ಹಿಡಿದ ಕೂಡಲೇ ಗೊತ್ತಾಗುತ್ತದೆ.

ಡಿಎಕ್ಸ್ ಇನ್ನೋವಾದ ಕಡಿಮೆ ಬೆಲೆಯ ಪ್ಲಾಸ್ಟಿಕ್. ಹೊಸದರಲ್ಲಿ ಹಿಡಿತ ಚೆನ್ನಾಗಿರುತ್ತದೆ, ಬೇಗ ಸವೆಯುತ್ತದೆ. ಚಾಂಪಿಯನ್ ಗಟ್ಟಿ, ನುಣುಪು. ಸೂರ್ಯನಿಗೆ ಹಿಡಿದರೆ ಸಾಮಾನ್ಯವಾಗಿ ಬೆಳಕು ಹಾಯುತ್ತದೆ, ಅಂಚಿನ ದಪ್ಪ ಎಲ್ಲಿಂದ ಶುರು ಅಂತ ಕಣ್ಣಿಗೇ ಕಾಣುತ್ತದೆ. ವರ್ಷಗಟ್ಟಲೆ ಬಾಳುತ್ತದೆ. ಸ್ಟಾರ್ ಅದರಷ್ಟು ನುಣುಪಲ್ಲ, ಬೆಳಕು ಹಾಯಲ್ಲ, ಬೆರಳಿಗೆ ಸ್ವಲ್ಪ ಮೆತ್ತಗೆ ಸಿಗುತ್ತದೆ, ಬಾಳಿಕೆಯೂ ಚೆನ್ನಾಗಿದೆ. ಪ್ರೊ ಇವುಗಳ ನಡುವಿನದು, ಹಿಡಿತ ಒಳ್ಳೆಯದು. ಜಿಸ್ಟಾರ್ ಅಂದರೆ ಇನ್ನೂ ಬಾಗುವ ಸ್ಟಾರ್.

ಬೇರೆ ಕಂಪನಿಗಳಲ್ಲೂ ಇದೇ ಮೆಟ್ಟಿಲು, ಹೆಸರು ಮಾತ್ರ ಬೇರೆ. ಡಿಸ್ಕ್‌ಕ್ರಾಫ್ಟ್‌ನಲ್ಲಿ ಪ್ರೊ-ಡಿ ಕೆಳಗಿನದು, ಝಡ್ ಅಂದರೆ ಚಾಂಪಿಯನ್ ಥರ, ಇಎಸ್‌ಪಿ ಅಂದರೆ ಸ್ಟಾರ್ ಥರ. ಲ್ಯಾಟಿಟ್ಯೂಡ್ 64ರಲ್ಲಿ ರೆಟ್ರೊ, ಆಪ್ಟೊ, ಗೋಲ್ಡ್. ಡೈನಾಮಿಕ್ ಡಿಸ್ಕ್ಸ್‌ನಲ್ಲಿ ಪ್ರೈಮ್, ಲೂಸಿಡ್, ಫ್ಯೂಷನ್. ಡಿಸ್ಕ್‌ಮೇನಿಯಾದಲ್ಲಿ ಡಿ, ಸಿ, ಎಸ್ ಲೈನ್. ಈ ಕ್ರಮ ನೆನಪಿದ್ದರೆ ಯಾವ ಕಂಪನಿಯ ಪಟ್ಟಿ ನೋಡಿದರೂ ಗಾಬರಿ ಆಗಲ್ಲ.

ಅಚ್ಚು ಅದೇ, ನಂಬರ್ ಅದೇ, ಪ್ಲಾಸ್ಟಿಕ್ ಮಾತ್ರ ಬೇರೆ. ಹಾರೋದು ಹೇಗೆ ಬದಲಾಗುತ್ತೆ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಬಿಸಿ ಪ್ಲಾಸ್ಟಿಕ್ ಅಚ್ಚಿನಿಂದ ಹೊರಬಂದು ಆರುವಾಗ ಕುಗ್ಗುತ್ತದೆ. ಒಂದೊಂದು ಪ್ಲಾಸ್ಟಿಕ್ ಕುಗ್ಗುವ ರೀತಿ ಒಂದೊಂದು. ಹಾಗಾಗಿ ಮೇಲಿನ ಉಬ್ಬು, ಅಂಚಿನ ಎತ್ತರ ಕೂದಲೆಳೆಯಷ್ಟು ಬೇರೆಯಾಗುತ್ತವೆ. ಹಾರಾಟಕ್ಕೆ ಆ ಕೂದಲೆಳೆಯೇ ಸಾಕು.

ಸಾಮಾನ್ಯವಾಗಿ ಒಂದೇ ಅಚ್ಚಿನಲ್ಲಿ ಚಾಂಪಿಯನ್ ಜಾಸ್ತಿ ಓವರ್‌ಸ್ಟೇಬಲ್, ಸ್ಟಾರ್ ಅದಕ್ಕಿಂತ ಸ್ವಲ್ಪ ನೇರ, ಪ್ರೊ ಮತ್ತು ಡಿಎಕ್ಸ್ ಇನ್ನೂ ಸುಲಭವಾಗಿ ವಾಲುತ್ತವೆ. ಡಿಎಕ್ಸ್ ಲೆಪರ್ಡ್ ಮತ್ತು ಚಾಂಪಿಯನ್ ಲೆಪರ್ಡ್ ಎರಡನ್ನೂ ಒಂದೇ ನೀಲಗಿರಿ ಸಾಲಿನ ನಡುವೆ ಎಸೆದು ನೋಡಿ. ಡಿಎಕ್ಸ್ ಬಲಕ್ಕೆ ನಿಧಾನ ವಾಲಿ, ತೇಲಿ, ಹೆಚ್ಚುಕಡಿಮೆ ಹಾಗೇ ನೆಲಕ್ಕಿಳಿಯುತ್ತದೆ. ಚಾಂಪಿಯನ್ ಸಾಲಿನ ನಡುವೆಯೇ ನೇರ ಹೋಗಿ ಕೊನೆಗೆ ಎಡಗಡೆಯ ಮರಗಳತ್ತ ವಾಲುತ್ತದೆ. ಎರಡರ ಮೇಲೂ 6, 5, -2, 1 ಅಂತಲೇ ಬರೆದಿರುತ್ತದೆ! ಒಬ್ಬರು ಈ ಡಿಸ್ಕ್ ಅದ್ಭುತ ಅಂತಾರೆ, ಇನ್ನೊಬ್ಬರು ಪ್ರಯೋಜನವಿಲ್ಲ ಅಂತಾರೆ. ಇಬ್ಬರ ಕೈಯಲ್ಲಿ ಇರುವ ಪ್ಲಾಸ್ಟಿಕ್ ಯಾವುದು ಅಂತ ಮೊದಲು ಕೇಳಿ.

ನಮ್ ಕಡೆ ಬರೀ ಬಂಡೆ. ಕಡಿಮೆ ಬೆಲೆಯದು ತಗೊಂಡ್ರೆ ಬಾಳುತ್ತಾ?

ಕೋಲಾರದ ಅಂತರಗಂಗೆ, ಟೇಕಲ್ ಕಡೆಯವರು ಇದನ್ನು ಕೇಳದೆ ಬಿಡಲ್ಲ. ನಮ್ಮ ಸೀಮೆಯ ಬಂಡೆ ಡಿಸ್ಕಿಗೆ ಕರುಣೆ ತೋರಲ್ಲ. ಡಿಎಕ್ಸ್ ಒಮ್ಮೆ ಅಂಚಿನಿಂದ ಬಂಡೆಗೆ ಬಡಿದರೆ ಸಾಕು, ಅಲ್ಲಿ ಪ್ಲಾಸ್ಟಿಕ್ ಎದ್ದು ಸಿಬಿರಿನ ಹಾಗೆ ನಿಲ್ಲುತ್ತದೆ. ಬೆರಳು ಸವರಿದರೆ ಚುಚ್ಚುತ್ತದೆ. ಇಂಥ ಪೆಟ್ಟು ಸೇರುತ್ತಾ ಹೋದ ಹಾಗೆ ಡಿಸ್ಕ್ ದಿನೇ ದಿನೇ ಅಂಡರ್‌ಸ್ಟೇಬಲ್ ಆಗುತ್ತದೆ. ಟರ್ನ್ ಜಾಸ್ತಿ, ಫೇಡ್ ಕಮ್ಮಿ.

ಇದು ನಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ಒಪ್ಪಲ್ಲ. ಹದವಾಗಿ ಸವೆದ ಡಿಎಕ್ಸ್ ಫೇರ್‌ವೇ ಡ್ರೈವರ್‌ನಷ್ಟು ನೇರವಾಗಿ ಹಾರುವ ಹೊಸ ಡಿಸ್ಕ್ ಸಿಗುವುದು ಕಷ್ಟ. ಅಮೆರಿಕದ ಬೆಲೆಯಲ್ಲಿ ಸ್ಟಾರ್, ಚಾಂಪಿಯನ್ ಡಿಸ್ಕಿಗೆ ಡಿಎಕ್ಸ್‌ನ ಸುಮಾರು ಎರಡರಷ್ಟು ಕೊಡಬೇಕು. ಮೊದಲ ಡಿಸ್ಕ್ ಕಳೆದುಹೋಗುವ, ಸೀಮೆಜಾಲಿ ಪೊದೆಯೊಳಗೆ ಸೇರಿಕೊಳ್ಳುವ ಸಾಧ್ಯತೆಯೂ ಜಾಸ್ತಿ, ಅಲ್ವಾ? ಹಾಗಾಗಿ ಕಲಿಯುವಾಗ ಡಿಎಕ್ಸ್. ಕೈ ಕೂತ ಮೇಲೆ, ಹಾರಾಟ ಬದಲಾಗಬಾರದು ಅನಿಸಿದ ಅಚ್ಚನ್ನು ಮಾತ್ರ ಸ್ಟಾರ್ ಅಥವಾ ಚಾಂಪಿಯನ್‌ನಲ್ಲಿ ತಗೊಳ್ಳಿ. ಬಂಡೆ ನಡುವೆಯೇ ಆಡುವವರಾದರೆ ಎರಡನೇ ಡಿಸ್ಕಿಗೇ ಚಾಂಪಿಯನ್ ತಗೊಂಡರೂ ತಪ್ಪಿಲ್ಲ.

ಎದ್ದ ಸಿಬಿರನ್ನ ಉಜ್ಜಿ ತೆಗೀಬಹುದಾ? ನಿಯಮಕ್ಕೆ ವಿರುದ್ಧ ಆಗುತ್ತಾ?

ಉಜ್ಜಬಹುದು. ತರಚು ಗಾಯ ಮತ್ತು ಅಚ್ಚಿನಿಂದ ಬಂದ ಹೆಚ್ಚುವರಿ ಏಣನ್ನು ಮಿತವಾಗಿ ನಯಗೊಳಿಸಲು ಪಿಡಿಜಿಎ ನಿಯಮ ಬಿಡುತ್ತದೆ. ಸಣ್ಣ ಸ್ಯಾಂಡ್ ಪೇಪರ್ ತುಂಡಿನಲ್ಲಿ ಎರಡು ಸಲ ಉಜ್ಜಿದರೆ ಸಾಕು. ಅಂಚಿನ ಆಕಾರವೇ ಬದಲಾಗುವಷ್ಟು ಉಜ್ಜಿದರೆ ಆ ಡಿಸ್ಕ್ ಸ್ಪರ್ಧೆಗೆ ಬರಲ್ಲ. ಕೈಗೆ ಸಿಗುವಷ್ಟು ದಪ್ಪ ಪೇಂಟ್ ಬಳಿದರೂ ಬರಲ್ಲ.

ಮಧ್ಯಾಹ್ನ ಕಾರಲ್ಲೇ ಬಿಟ್ಟಿದ್ದೆ, ಸೊಟ್ಟಗಾಗಿದೆ. ಇನ್ನು ಬಿಸಾಕೋದೇನಾ?

ಬಿಸಾಕಬೇಡಿ, ಸರಿ ಮಾಡಬಹುದು. ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಬ್ಯಾಗಿನಲ್ಲಿ ಓರೆಯಾಗಿ ಒತ್ತಿಕೊಂಡಿದ್ದರೆ ಹಾಗೇ ಸೊಟ್ಟಗಾಗಿ ನಿಲ್ಲುತ್ತದೆ. ಬಕೆಟ್‌ನಲ್ಲಿ ಸ್ನಾನಕ್ಕೆ ಕಾಯಿಸಿದಷ್ಟು, ಅಥವಾ ಅದಕ್ಕಿಂತ ತುಸು ಜಾಸ್ತಿ ಬಿಸಿ ನೀರು ತಗೊಳ್ಳಿ. ಕುದಿಯುವ ನೀರು ಬೇಡ. ಡಿಸ್ಕ್ ಸ್ವಲ್ಪ ಹೊತ್ತು ಮುಳುಗಿರಲಿ. ತೆಗೆದು ಕೈಯಲ್ಲಿ ಆಕಾರಕ್ಕೆ ತಂದು ಕಡಪ ಕಲ್ಲಿನಂಥ ಸಮತಟ್ಟಾದ ಜಾಗದಲ್ಲಿ ಆರಲು ಬಿಡಿ. ಮೇಲೆ ಭಾರ ಹೇರಬೇಡಿ, ಉಬ್ಬು ಕುಗ್ಗಿಹೋಗುತ್ತದೆ. ಸ್ಟಾರ್ ಥರದವು ಇದಕ್ಕೆ ಚೆನ್ನಾಗಿ ಬಗ್ಗುತ್ತವೆ. ಡಿಎಕ್ಸ್ ಪೂರ್ತಿ ಮೊದಲಿನಂತೆ ಆಗುತ್ತೆ ಅಂತ ನೆಚ್ಚಿಕೊಳ್ಳಬೇಡಿ.

ಬೆವರಿಗೆ ಚಾಂಪಿಯನ್ ಕೈಯಿಂದ ಜಾರುತ್ತೆ. ಏನು ಮಾಡೋದು?

ಹೆಗಲ ಮೇಲೊಂದು ಟವೆಲ್ ಇರಲಿ, ಪ್ರತಿ ಎಸೆತಕ್ಕೂ ಮೊದಲು ಅಂಚು ಒರೆಸಿ. ಆದರೂ ಜಾರಿದರೆ ಅದೇ ಅಚ್ಚನ್ನು ಸ್ಟಾರ್ ಅಥವಾ ಜಿಸ್ಟಾರ್‌ನಲ್ಲಿ ನೋಡಿ. ಮಾಗಿಯ ಬೆಳಿಗ್ಗೆ ಚಾಂಪಿಯನ್ ಇನ್ನೂ ಗಟ್ಟಿಯಾಗುತ್ತದೆ, ಇಬ್ಬನಿ ಬೇರೆ ಇರುತ್ತದೆ. ಆಗ ಮೆತ್ತಗಿನ ಪ್ಲಾಸ್ಟಿಕ್ಕೇ ವಾಸಿ.

ಒಳಗೆ ಗುಳ್ಳೆ ಇರೋ ಡಿಸ್ಕು, ಅಂಚಿಗೆ ಬೇರೆ ಬಣ್ಣ ಇರೋ ಡಿಸ್ಕು ನೋಡಿದೆ. ಅವು ಏನು?

ಗುಳ್ಳೆ ಇರುವುದು ತೂಕ ಇಳಿಸಲು. ಅಗಲ ಅಂಚಿನ ಡ್ರೈವರ್‌ಗೆ ಪ್ಲಾಸ್ಟಿಕ್ ಜಾಸ್ತಿ ಬೇಕು, ಅದನ್ನು ಹಗುರ ಮಾಡುವುದು ಕಷ್ಟ. ಸಣ್ಣ ಸಣ್ಣ ಗಾಳಿಗುಳ್ಳೆ ಸೇರಿಸಿದರೆ ತೂಕ ಇಳಿಯುತ್ತದೆ. ಇನ್ನೋವಾದ ಬ್ಲಿಝರ್ಡ್, ಲ್ಯಾಟಿಟ್ಯೂಡ್‌ನ ಆಪ್ಟೊ ಏರ್, ಡೈನಾಮಿಕ್‌ನ ಲೂಸಿಡ್ ಏರ್ ಈ ಜಾತಿಯವು. ತೋಳಿನ ಬಲ ಕಡಿಮೆ ಇರುವವರಿಗೆ ಒಳ್ಳೆಯದು. ಜೋರು ಗಾಳಿಗೆ ಒಳ್ಳೆಯದಲ್ಲ.

ಎರಡು ಬಣ್ಣದವು ಎಂವಿಪಿ ಮತ್ತು ಆಕ್ಸಿಯಮ್ ಕಂಪನಿಗಳವು. ನಡುವಿಗೆ ಒಂದು ಪ್ಲಾಸ್ಟಿಕ್, ಅಂಚಿಗೆ ಅದಕ್ಕಿಂತ ಭಾರದ ಇನ್ನೊಂದು. ತೂಕ ಹೊರಗಡೆ ಸೇರಿದಷ್ಟೂ ತಿರುಗುವಿಕೆ ಸ್ಥಿರವಾಗಿರುತ್ತದೆ ಅನ್ನುವುದು ಅದರ ಹಿಂದಿನ ಯೋಚನೆ.

## ಸ್ವಲ್ಪ ಪಳಗಿದವರಿಗೆ

ಏನೇ ಎಸೆದರೂ ಎಡಕ್ಕೇ ಬೀಳುತ್ತೆ. ಇನ್ನೂ ಅಂಡರ್‌ಸ್ಟೇಬಲ್ ತಗೊಳ್ಲಾ?

ಮೊದಲು ಡಿಸ್ಕಿನ ಮೂತಿ ನೋಡಿ. ಮುಂದಿನ ಅಂಚು ಮೇಲಕ್ಕೆದ್ದಿದ್ದರೆ ಡಿಸ್ಕ್ ಮೇಲೇರಿ, ವೇಗ ಕಳೆದುಕೊಂಡು, ಎಡಕ್ಕೆ ಕುಸಿಯುತ್ತದೆ. ಪಕ್ಕದಿಂದ ಯಾರಾದರೂ ಮೊಬೈಲಿನಲ್ಲಿ ನಿಧಾನ ವಿಡಿಯೋ ತೆಗೆಯಲಿ. ಕೈಬಿಟ್ಟ ಕ್ಷಣದಲ್ಲಿ ಡಿಸ್ಕಿನ ಹೊಟ್ಟೆ ಎದುರಿಗೆ ನಿಂತವರಿಗೆ ಕಾಣುವ ಹಾಗಿದೆ ಅಂದರೆ ಮೂತಿ ಎದ್ದಿದೆ. ಮಣಿಕಟ್ಟನ್ನು ಸ್ವಲ್ಪ ಕೆಳಗೆ ಬಾಗಿಸಿ, ಬೀಗದ ಕೈ ತಿರುಗಿಸುವ ಹಾಗೆ ಹೊರಕ್ಕೆ ತಿರುಗಿಸಿ ಎಸೆಯಿರಿ. ಮೂತಿ ಸರಿಯಾದ ಮೇಲೂ ಎಡಕ್ಕೇ ಹೋದರೆ ಆಗ ಡಿಸ್ಕ್ ಬದಲಿಸುವ ಮಾತು.

ಆಷಾಢದ ಗಾಳಿಯಲ್ಲಿ ಯಾವ ಡ್ರೈವರ್ ನೆಚ್ಚಿಕೊಳ್ಳೋದು?

ಎದುರುಗಾಳಿ ಇದ್ದರೆ ಡಿಸ್ಕಿಗೆ ತಗಲುವ ಗಾಳಿಯ ವೇಗ ಜಾಸ್ತಿ. ನೀವು ಇನ್ನೂ ಜೋರಾಗಿ ಎಸೆದ ಹಾಗೇ ಲೆಕ್ಕ. ಹಾಗಾಗಿ ಎಲ್ಲ ಡಿಸ್ಕೂ ಜಾಸ್ತಿ ಅಂಡರ್‌ಸ್ಟೇಬಲ್ ಆಗುತ್ತದೆ. ಸವೆದ ಲೆಪರ್ಡ್ ಎದುರುಗಾಳಿಗೆ ಬಲಕ್ಕೆ ಮಗುಚಿ ನೆಲಕ್ಕೆ ಬೀಳುತ್ತದೆ. ಆಗ ಚಾಂಪಿಯನ್ ಫೈರ್‌ಬರ್ಡ್ (9, 3, 0, 4) ಥರದ್ದನ್ನು ಭಾರದ ತೂಕದಲ್ಲಿ, ತಗ್ಗಿಗೆ ಎಸೆಯಿರಿ.

ಹಿಂದಿನಿಂದ ಗಾಳಿ ಬೀಸಿದರೆ ತದ್ವಿರುದ್ಧ. ಟರ್ನ್ ಕಮ್ಮಿಯಾಗಿ ಫೇಡ್ ಬೇಗ ಬರುತ್ತದೆ. ಅಂಡರ್‌ಸ್ಟೇಬಲ್ ಡಿಸ್ಕನ್ನು ಎತ್ತರಕ್ಕೆ ಎಸೆದರೆ ಗಾಳಿಯೇ ಹೊತ್ತುಕೊಂಡು ಹೋಗುತ್ತದೆ. 2016ರಲ್ಲಿ ಡೇವಿಡ್ ವಿಗ್ಗಿನ್ಸ್ ಜೂನಿಯರ್ ಅಮೆರಿಕದ ನೆವಾಡಾ ಮರುಭೂಮಿಯಲ್ಲಿ 338 ಮೀಟರ್ ಎಸೆದು ದಾಖಲೆ ಮಾಡಿದ್ದು ಗಾಳಿಯನ್ನು ಹೀಗೇ ಬಳಸಿಕೊಂಡು.

ಮಂಗಳೂರಿಗೆ ಹೋದಾಗ ಸಮುದ್ರದ ದಡದಲ್ಲಿ ಎಸೆದೆ. ಅದೇ ಡಿಸ್ಕ್ ಬೇರೆ ಥರ ಹಾರಿತು. ನನ್ನ ಭ್ರಮೆನಾ?

ಭ್ರಮೆಯಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಸಮುದ್ರ ಮಟ್ಟದಿಂದ 800 ಮೀಟರ್‌ಗಿಂತ ಮೇಲಿವೆ. ಇಲ್ಲಿನ ಗಾಳಿ ಕರಾವಳಿಗಿಂತ ಸುಮಾರು ಶೇ. 8ರಷ್ಟು ತೆಳು. ತೆಳು ಗಾಳಿಯಲ್ಲಿ ಡಿಸ್ಕ್ ತೇಲುವುದೂ ಕಮ್ಮಿ, ಟರ್ನ್ ಆಗುವುದೂ ಕಮ್ಮಿ. ಅಂದರೆ ನಮ್ಮೂರಲ್ಲಿ ಎಲ್ಲ ಡಿಸ್ಕೂ ತುಸು ಓವರ್‌ಸ್ಟೇಬಲ್ ಆಗಿ ನಡೆದುಕೊಳ್ಳುತ್ತದೆ. 1478 ಮೀಟರ್ ಎತ್ತರದ ನಂದಿ ಬೆಟ್ಟದ ಮೇಲೆ ಗಾಳಿ ಇನ್ನೂ ತೆಳು. ಹೊಸಬರಿಗೆ ನಾನು ಹೆಚ್ಚಾಗಿ ಮೈನಸ್ 2, ಮೈನಸ್ 3 ಟರ್ನ್ ಇರುವುದನ್ನು ಹೇಳುವುದಕ್ಕೆ ಇದೂ ಒಂದು ಕಾರಣ. ದಡದಲ್ಲಿ ಕಡಲ ಗಾಳಿಯೂ ಕೈ ಆಡಿಸಿರುತ್ತದೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ನನ್ನ ಸ್ಟಾರ್ ವ್ರೇತ್ ಮತ್ತು ಗೆಳೆಯನ ಸ್ಟಾರ್ ವ್ರೇತ್ ಒಂದೇ ಥರ ಹಾರಲ್ಲ. ನಕಲಿನಾ?

ನಕಲಿ ಆಗಬೇಕಿಲ್ಲ. ಬೇರೆ ಬೇರೆ ಸಲ ತಯಾರಾದ ಡಿಸ್ಕ್‌ಗಳಲ್ಲಿ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ನೋಡಿ. ಅಂಚಿನ ಹೊರಮೈಯಲ್ಲಿ ಅಚ್ಚಿನ ಎರಡು ಭಾಗ ಸೇರುವ ಗೆರೆ ಕಾಣುತ್ತದೆ, ಉಗುರಿಗೂ ಸಿಗುತ್ತದೆ. ಆ ಗೆರೆ ಮೇಜಿನಿಂದ ಎತ್ತರದಲ್ಲಿರುವ ಡಿಸ್ಕ್ ಜಾಸ್ತಿ ಓವರ್‌ಸ್ಟೇಬಲ್. ಆಮೇಲೆ ಉಬ್ಬು ನೋಡಿ. ಉಬ್ಬು ಜಾಸ್ತಿ ಇದ್ದರೆ ತೇಲುವುದು ಜಾಸ್ತಿ, ಚಪ್ಪಟೆ ಇದ್ದರೆ ಬೇಗ ಇಳಿಯುತ್ತದೆ. ತರಿಸುವಾಗ ಪಕ್ಕದಿಂದ ತೆಗೆದ ಫೋಟೋ ಕೇಳಿ. ಕೊಡುವವರು ಕೊಡುತ್ತಾರೆ.

ಹೈಝರ್ ಫ್ಲಿಪ್ ಅಂತಾರಲ್ಲ, ಅದಕ್ಕೆ ಯಾವ ಡಿಸ್ಕ್, ಯಾವ ಪ್ಲಾಸ್ಟಿಕ್?

ಡಿಸ್ಕಿನ ಹೊರ ಅಂಚನ್ನು ಕೆಳಕ್ಕೆ ವಾಲಿಸಿ ಎಸೆದಾಗ ಅದು ಹಾರುತ್ತಾ ತಾನೇ ಮಟ್ಟಸವಾಗಿ ನೇರ ಹೋಗುವುದು ಹೈಝರ್ ಫ್ಲಿಪ್. ಇದಕ್ಕೆ ಅಂಡರ್‌ಸ್ಟೇಬಲ್ ಬೇಕೇ ಬೇಕು. ಸೈಡ್‌ವೈಂಡರ್ (9, 5, -3, 1) ಸ್ಟಾರ್‌ನಲ್ಲಿ ಚೆನ್ನ. ರೋಡ್‌ರನ್ನರ್ (9, 5, -4, 1) ಇನ್ನೂ ಬೇಗ ತಿರುಗುತ್ತದೆ. ಡಿಎಕ್ಸ್‌ನಲ್ಲಿ ಇದನ್ನು ಕಲಿತರೆ ಡಿಸ್ಕ್ ಸವೆದಂತೆ ವಾಲಿಸುವ ಕೋನವೂ ಬದಲಾಗುತ್ತಾ ಹೋಗುತ್ತದೆ. ಒಂದೇ ಕೋನ ಕೈಗೆ ಕೂರಬೇಕು ಅಂದರೆ ಸವೆಯದ ಪ್ಲಾಸ್ಟಿಕ್ ವಾಸಿ.

ಮೂರೇ ಡ್ರೈವರ್ ಇಟ್ಕೋಬೇಕು ಅಂದ್ರೆ ಯಾವ ಯಾವುದು?

ಡಿಎಕ್ಸ್ ಲೆಪರ್ಡ್, ಸ್ಟಾರ್ ಟೀಬರ್ಡ್ (7, 5, 0, 2), ಚಾಂಪಿಯನ್ ಫೈರ್‌ಬರ್ಡ್. ಬಲಕ್ಕೆ ವಾಲಬೇಕಾದ ಕಡೆ, ಹಿಂಗಾಳಿ ಇದ್ದಾಗ ಲೆಪರ್ಡ್. ತೋಪಿನ ಸಾಲಿನ ನಡುವೆ ನೇರ ಹೋಗಬೇಕಾದಾಗ ಟೀಬರ್ಡ್. ಎದುರುಗಾಳಿಗೆ, ಮರ ಬಳಸಿ ಎಡಕ್ಕೆ ಇಳಿಯಬೇಕಾದಾಗ ಫೈರ್‌ಬರ್ಡ್. ಮೂರು ಅಚ್ಚಿಗೂ ಮೂರು ಬೇರೆ ಪ್ಲಾಸ್ಟಿಕ್ ಬೇಕಂತಲೇ ಹೇಳಿದ್ದೇನೆ. ಸವೆಯಬೇಕಾದ್ದು ಸವೆಯಲಿ, ಹಾಗೇ ಉಳಿಯಬೇಕಾದ್ದು ಉಳಿಯಲಿ. ಇನ್ನೂ ದುಡ್ಡಿದ್ದರೆ ನಾಲ್ಕನೆಯದಕ್ಕೆ ಹೊಸ ಅಚ್ಚು ಹುಡುಕಬೇಡಿ. ಮೊದಲ ಲೆಪರ್ಡ್ ಸವೆದು ಹದಕ್ಕೆ ಬಂದಾಗ ಇನ್ನೊಂದು ಹೊಸ ಡಿಎಕ್ಸ್ ಲೆಪರ್ಡ್ ತಗೊಂಡು, ಎರಡಕ್ಕೂ ಹಿಂಬದಿಯಲ್ಲಿ ಮಾರ್ಕರ್‌ನಿಂದ ಗುರುತು ಹಾಕಿ ಒಟ್ಟಿಗೇ ಬ್ಯಾಗಿನಲ್ಲಿ ಇಟ್ಟುಕೊಳ್ಳಿ.